ಪಾವತ್ತಿನ ಅಡಿಯ ಊರು

ಮೂರನೆಯ ದಿನವೂ ಆ ಹೆಂಗಸು ನಕ್ಷೆ ಆಫೀಸಿನ ಜಗಲಿಯಲ್ಲಿ, ಕಂಬಕ್ಕೆ ಒರಗದೆ, ಕಂಬದ ಬಲಕ್ಕೆ ಒಂದು ಮೊಳ ಜಾಗ ಬಿಟ್ಟು ಕೂತಿದ್ದಳು. ಸೈಕಲ್ಲಿಗೆ ಬೀಗ ಹಾಕುತ್ತಿದ್ದ ಮುರುಗೇಶಪ್ಪ ಅವಳನ್ನು ಓರೆಗಣ್ಣಿನಲ್ಲಿ ನೋಡಿ, ಬಲಕ್ಕೆ, ಮೊದಲನೆಯ ಜಾಗ, ಎಂದುಕೊಂಡ. ಎಂದುಕೊಂಡ ಮೇಲೆ ಥೂ ಅನ್ನಿಸಿತು. ಹನ್ನೊಂದು ವರ್ಷ ನಕ್ಷೆಗಳ ಮೇಲೆ ಊರಿನ ಹೆಸರು ಬರೆದವನ ಕಣ್ಣು ಮನುಷ್ಯರನ್ನು ಮನುಷ್ಯರ ಹಾಗೆ ನೋಡುವುದನ್ನೇ ಮರೆತಿರುತ್ತದೆ. ಹೋಟೆಲಿಗೆ ಹೋದರೆ ದೋಸೆಯ ಯಾವ ಬದಿಗೆ ಚಟ್ನಿ ಬಿದ್ದಿದೆ ಎಂದು ನೋಡುವುದು, ಮದುವೆಮನೆಯಲ್ಲಿ ಗಂಡಿನ ಪಕ್ಕ ಹೆಣ್ಣು ಎಷ್ಟು ದೂರದಲ್ಲಿ ನಿಂತಿದ್ದಾಳೆ ಎಂದು ಅಳೆಯುವುದು. ಊರೆಂದರೆ ಚುಕ್ಕೆ. ಚುಕ್ಕೆಯ ಬಲಕ್ಕೆ, ತುಸು ಮೇಲೆ, ಹೆಸರು ಬರೆಯಬೇಕು. ಅಲ್ಲಿ ಹೊಳೆಯೋ ರಸ್ತೆಯೋ ಅಡ್ಡ ಬಂದರೆ ಬಲಕ್ಕೆ ಕೆಳಗೆ. ಅದೂ ಆಗದಿದ್ದರೆ ಎಡಕ್ಕೆ ಮೇಲೆ, ಕೊನೆಗೆ ಎಡಕ್ಕೆ ಕೆಳಗೆ. ನಾಲ್ಕೂ ಕಡೆ ತುಂಬಿದ್ದರೆ ಪಕ್ಕದ ಊರಿನ ಹೆಸರನ್ನು ಅದರ ಎರಡನೆಯ ಜಾಗಕ್ಕೆ ಸರಿಸಿ ನೋಡುವುದು, ಸರಿಸಿದ್ದರಿಂದ ಅದರಾಚೆಯ ಊರಿಗೆ ತೊಂದರೆಯಾದರೆ ಅದನ್ನೂ ಸರಿಸುವುದು, ಹೀಗೆ ಹಿಂದಕ್ಕೆ ಹೋಗುತ್ತಾ ಎಲ್ಲರಿಗೂ ಜಾಗವಾಗುವವರೆಗೆ ಬಿಡಬಾರದು. ಇವೆಲ್ಲ ಅವನೇ ನೋಟುಬುಕ್ಕಿನಲ್ಲಿ ಬರೆದಿಟ್ಟ ನಿಯಮಗಳು. ಆಫೀಸಿನ ಹೆಡ್ಡು ತ್ರಿವಿಕ್ರಮರಾಯರು ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡು, “ಮಾರಾಯ, ಇದನ್ನು ಹಿಡ್ಕೊಂಡು ಕೂತ್ರೆ ತಲೆ ಇಲ್ಲದೋನೂ ನಕ್ಷೆ ಬರೀಬಹುದಲ್ಲೋ!” ಎಂದಿದ್ದರು. ಸೈಕ್ಲೋಸ್ಟೈಲ್ ಮಾಡಿಸಿ ಎಲ್ಲ ತಾಲ್ಲೂಕು ಆಫೀಸುಗಳಿಗೂ ಕಳಿಸಿದ್ದರು. ಒಟ್ಟು ಏಳು ನಿಯಮ. ಏಳನೆಯದು ಎಲ್ಲಕ್ಕಿಂತ ಚಿಕ್ಕದು: ಎಲ್ಲಿಯೂ ಜಾಗವಿಲ್ಲದಿದ್ದರೆ ಸಣ್ಣ ಊರನ್ನು ಬಿಡತಕ್ಕದ್ದು.

“ಸಾರ್, ನಿಮ್ಮ ಕಡೆಯೋರು ಇವತ್ತೂ ಹಾಜರು,” ಎಂದ ಬಾಗಿಲಲ್ಲಿ ನಿಂತಿದ್ದ ಜವಾನ ಈಶ್ವರಪ್ಪ. ಅವನಿಗೆ ಯಾರು ಬಂದರೂ ತಮಾಷೆ. “ಊರು ಕಳೆದುಹೋಗಿದೆಯಂತೆ. ಹುಡುಕಿಕೊಡಬೇಕಂತೆ. ಪೊಲೀಸ್ ಸ್ಟೇಷನ್ನಿಗೆ ಹೋಗಮ್ಮಾ ಅಂದ್ರೆ ಕೇಳಲ್ಲ.”

ಮುರುಗೇಶಪ್ಪ ನಗಲು ನೋಡಿದ. ನಗೆ ಅರ್ಧಕ್ಕೇ ನಿಂತಿತು. ಈಶ್ವರಪ್ಪ ಅದನ್ನು ಗಮನಿಸಿದ ಎನ್ನುವುದೇ ಅವಮಾನವಾಗಿ, ಒಳಗೆ ಹೋಗಿ ಓರೆ ಹಲಗೆಯ ಮುಂದೆ ಕೂತು, ಏನೂ ಕೆಲಸವಿಲ್ಲದಿದ್ದರೂ ನಿಬ್ಬನ್ನು ಒರೆಸತೊಡಗಿದ. ಊರು ಕಳೆದುಹೋದದ್ದು ಅವನಿಗೆ ಗೊತ್ತಿತ್ತು. ಅಯ್ಯೋ, ಎಲ್ಲಿ ಕಳೆದುಹೋಯಿತು ಎನ್ನುವುದೂ ಗೊತ್ತಿತ್ತು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ಮಲವಗೊಪ್ಪ ದಾಟಿ ಬಲಕ್ಕೆ ಒಳಗೆ ಹೋದರೆ ಕರಡಿಗೊಪ್ಪ. ಹಳೆಯ ಇಂಗ್ಲಿಷ್ ನಕ್ಷೆಯಲ್ಲಿ ಕರಡಿಗೊಪ್ಪದ ಹೆಸರು ನೆಟ್ಟಗೆ, ಶಿಸ್ತಾಗಿ, ಒಂದೇ ಗೆರೆಯ ಮೇಲೆ ನಿಂತಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಕೆಳಗೆ ಇಳಿಬೀಳುವ ಕಾಲುಗಳು ಕಡಿಮೆ. ಆ ಹೆಸರಿನ ಕೊನೆಯ ಅಕ್ಷರದ ಸರಿಯಾಗಿ ಕೆಳಗೆ ಒಂದು ಸಣ್ಣ ಚುಕ್ಕೆ. ಯಾವುದೋ ಹತ್ತು ಹನ್ನೆರಡು ಮನೆಯ ಮಜರೆ ಹಳ್ಳಿ. ನಕ್ಷೆಗಳನ್ನೆಲ್ಲ ಕನ್ನಡಕ್ಕೆ ತರಬೇಕೆಂದು ಆರ್ಡರು ಬಂದಮೇಲೆ ಅವನು ಟ್ರೇಸಿಂಗ್ ಬಟ್ಟೆ ಹಾಸಿ ಮೊದಲು ಚುಕ್ಕೆಗಳನ್ನೆಲ್ಲ ಇಟ್ಟುಕೊಂಡು, ಆಮೇಲೆ ದೊಡ್ಡ ಊರಿನಿಂದ ಸಣ್ಣ ಊರಿಗೆ ಇಳಿಯುತ್ತಾ ಹೆಸರು ಬರೆಯುತ್ತಾ ಬಂದಿದ್ದ. ಕರಡಿಗೊಪ್ಪ ಎಂದು ಬರೆದ. ಪಕಾರಕ್ಕೆ ಪಾವತ್ತು ಕೊಟ್ಟ. ಎಳೆಯ ಮಕ್ಕಳಿಗೂ ಬರುವ ಪಾವತ್ತು. ಅದು ಕೆಳಗಿಳಿದು, ಆ ಚುಕ್ಕೆಯ ಮೇಲೆ ಕೂತುಬಿಟ್ಟಿತು.

ಚುಕ್ಕೆ ಒತ್ತಿನ ಹೊಟ್ಟೆಯೊಳಗೆ ಸೇರಿಹೋದದ್ದನ್ನು ಅವನು ನೋಡಿದ್ದ. ನೋಡಲಿಲ್ಲ ಎಂದು ಒಂದು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಾನೆ, ಸುಳ್ಳು. ನೋಡಿದ್ದ, ಬ್ಲೇಡನ್ನು ಕೈಗೂ ತೆಗೆದುಕೊಂಡಿದ್ದ. ಕೆರೆದು ತೆಗೆಯಲು ಅರ್ಧ ಗಂಟೆ, ಆ ಜಾಗವನ್ನು ಉಜ್ಜಿ ನಯಮಾಡಲು ಇನ್ನರ್ಧ ಗಂಟೆ, ಹೆಸರನ್ನು ಎರಡನೆಯ ಜಾಗಕ್ಕೆ ಸರಿಸಿ ಮತ್ತೆ ಬರೆಯಲು ಒಂದು ಗಂಟೆ. ಗೋಡೆ ಗಡಿಯಾರದಲ್ಲಿ ನಾಲ್ಕು ಹೊಡೆದಿತ್ತು. ಭದ್ರಾವತಿಯಲ್ಲಿ ಮಾವನ ಮನೆಯಲ್ಲಿ ಆವತ್ತು ಸಂಜೆ ಅವನ ಮಗಳ ಹೆಸರಿಡುವ ಶಾಸ್ತ್ರ. ಅವನು ಬ್ಲೇಡು ಕೆಳಗಿಟ್ಟು, ನಿಬ್ಬಿನಿಂದ ಪಾವತ್ತಿನ ಬುಡವನ್ನು ಇನ್ನಷ್ಟು ಕಪ್ಪು ಮಾಡಿ, ಗುಂಡಗೆ ತಿದ್ದಿ, ಎದ್ದು ಬಸ್ಸಿಗೆ ಓಡಿದ. ಕಾರ್ಖಾನೆಯ ಕ್ವಾರ್ಟರ್ಸಿನ ಆ ಎರಡು ಕೋಣೆಯ ಮನೆಯಲ್ಲಿ ಹೆಂಗಸರು ತುಂಬಿದ್ದರು. ಪಕ್ಕದ ಮನೆಯ ತಮಿಳು ಅಜ್ಜಿಯೂ ಬಂದು ಗೋಡೆಗೊರಗಿ ಕೂತಿದ್ದಳು. ಸೋದರತ್ತೆಯಾದ ಅವನ ಅಕ್ಕ ವೀರಮ್ಮ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಉಸಿರಿದಳು, ಹೆಂಗಸರು ನಗುತ್ತಾ ಅವಳ ಬೆನ್ನಿಗೆ ದಬದಬ ಗುದ್ದಿದರು. ಎಲ್ಲರೂ ಆ ಹೆಸರನ್ನು ಜೋರಾಗಿ ಕೂಗಿದರು. ಅವನೂ ಕೂಗಿದ. ಮಾರನೆಯ ದಿನ ಆಫೀಸಿಗೆ ಬಂದು ನೋಟುಬುಕ್ಕು ತೆಗೆದು ಏಳನೆಯ ನಿಯಮ ಬರೆದ. ತಪ್ಪು ಮೊದಲು ಬಂತು, ನಿಯಮ ಆಮೇಲೆ. ಹೊಲ ಒತ್ತುವರಿ ಮಾಡಿದವರ ಮೇಲೆ ಸರ್ವೆಯವರು ಕೇಸು ಹಾಕುತ್ತಾರೆ. ಅಕ್ಷರ ಒತ್ತುವರಿ ಮಾಡಿದವನ ಬೆನ್ನು ತಟ್ಟಿ, ಸೈಕ್ಲೋಸ್ಟೈಲ್ ಮಾಡಿಸಿದರು.

ಹನ್ನೊಂದು ಗಂಟೆಗೆ ಅವಳೇ ಒಳಗೆ ಬಂದಳು. ಈಶ್ವರಪ್ಪ ಕಾಫಿಗೆ ಹೋಗಿದ್ದ. ನಲವತ್ತೈದರ ಆಸುಪಾಸಿನ ಹೆಂಗಸು, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಒಂದು ಬೇವಿನ ಸೊಪ್ಪಿನ ಕಡ್ಡಿ.

“ನಾನು ಪುಟ್ಟಲಕ್ಷ್ಮಿ ಸ್ವಾಮಿ. ಊರಿನ ನಕ್ಷೆ ಬರೆಯೋರು ನೀವೇ ಅಂತೆ.”

“ಹೌದು. ಏನಾಗಬೇಕಿತ್ತು?”

“ನಮ್ಮೂರಲ್ಲಿ ಅಮ್ಮ ಬಂದೈತೆ. ಮೂರು ಮನೇಲಿ. ಸಿಡುಬಿಗೆ ದೇವಿ ಹಾಕೋರು ಕರಡಿಗೊಪ್ಪದ ತನಕ ಬಂದ್ರು, ಅಲ್ಲೆಲ್ಲ ಹಾಕಿದ್ರು, ಜೀಪು ತಿರುಗಿಸ್ಕೊಂಡು ಹೋದ್ರು. ಓಡಿ ಹೋಗಿ ಕೇಳ್ದೆ. ನೀಲಿ ಕಾಗದ ಬಿಚ್ಚಿ ತೋರಿಸಿದ್ರು. ಇದ್ರಲ್ಲಿ ನಿಮ್ಮೂರು ಇಲ್ಲಮ್ಮ, ಪಟ್ಟೀಲಿ ಇಲ್ದಿರೋ ಊರಿಗೆ ನಾವು ಹೋಗಂಗಿಲ್ಲ, ನಕ್ಷೆ ಆಫೀಸಿಗೆ ಹೋಗಿ ಕೇಳು ಅಂದ್ರು. ನಮ್ಮನೇಲಿ ಇನ್ನೂ ಬಂದಿಲ್ಲ ಸ್ವಾಮಿ. ಎರಡು ಮೊಮ್ಮಕ್ಕಳಿದಾವೆ.”

ನಕ್ಷೆ ಹಲಗೆಯ ಮೇಲೇ ಇತ್ತು. ಮುಂದಿನ ತಿಂಗಳು ಅಚ್ಚಿಗೆ ಹೋಗಬೇಕಾದದ್ದು, ಅದರ ನೀಲಿ ಪ್ರತಿಗಳು ಮಾತ್ರ ಆಗಲೇ ಬೇರೆ ಆಫೀಸುಗಳಿಗೆ ಹೋಗಿದ್ದವು. ಸುಮ್ಮನೆ ತಪ್ಪಾಗಿದೆ ಎಂದು ಹೇಳಿಬಿಡಬಹುದಿತ್ತು. ಎರಡೇ ಮಾತು. ಆದರೆ ಅವನ ಬೆರಳು ತಾನಾಗಿ ಹೋಗಿ ಕರಡಿಗೊಪ್ಪದ ಪಾವತ್ತಿನ ಮೇಲೆ ನಿಂತಿತು. “ಇದೆಯಲ್ಲಮ್ಮಾ. ಇಲ್ಲೇ ಇದೆ,” ಎಂದ. ಅವಳು ಬಗ್ಗಿ ನೋಡಿದಳು. ಓದು ಬಾರದವಳು, ಹೂಂ ಅಂದು ಹೋಗುತ್ತಾಳೆ ಎಂದು ಅವನು ಕಾದ.

“ಇದು ಅಕ್ಷರ ಅಲ್ವಾ ಸ್ವಾಮಿ?” ಎಂದಳು ಅವಳು ಮೆಲ್ಲಗೆ. “ಚುಕ್ಕೆ ಅಂದ್ರೆ ನಂಗೊತ್ತಿಲ್ವಾ? ದಿನಾ ಬೆಳಗಾದ್ರೆ ಬಾಗಿಲಲ್ಲಿ ಇಡ್ತೀನಿ.”

ಅವನಿಗೆ ಸಿಟ್ಟು ಬಂತು, ಯಾರ ಮೇಲೋ ಗೊತ್ತಿಲ್ಲ. “ಸರಿ, ಊರಿನ ಹೆಸರು ಹೇಳಿ, ಬರ್ಕೊಳ್ತೀನಿ,” ಎಂದು ಪೆನ್ಸಿಲು ತೆಗೆದುಕೊಂಡ. ಅವಳು ಬೇವಿನ ಕಡ್ಡಿಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. “ಹೆಸರು ಹೇಳಬಾರದು ಸ್ವಾಮಿ. ಅಮ್ಮ ಊರಲ್ಲಿರೋವಾಗ ಯಾರ ಹೆಸರೂ ಕೂಗಲ್ಲ ನಾವು, ಊರಿನ ಹೆಸರೂ ಹೇಳಲ್ಲ. ಕೇಳಿಸ್ಕೊಂಡ್ಲು ಅಂದ್ರೆ ಹುಡುಕ್ಕೊಂಡು ಬರ್ತಾಳೆ. ನಿಮ್ಮ ಹತ್ರ ನಕ್ಷೆ ಐತಲ್ಲ, ನೀವೇ ನೋಡ್ಕಳಿ.”

ನೋಡಿಕೊಳ್ಳುವುದು ಏನನ್ನು? ಇಂಗ್ಲಿಷ್ ಮೂಲ ನಕ್ಷೆ ವಾಪಸು ಬೆಂಗಳೂರಿಗೆ ಹೋಗಿ ಏಳು ತಿಂಗಳಾಗಿತ್ತು. ಗ್ರಾಮಗಳ ಪಟ್ಟಿಯಲ್ಲಿ ಕರಡಿಗೊಪ್ಪ ಇತ್ತು, ಅದರ ಮುಂದೆ ‘ಮಜರೆ ಒಂದು’ ಎಂದಿತ್ತು, ಅಷ್ಟೇ. ದೊಡ್ಡದರಿಂದ ಸಣ್ಣದಕ್ಕೆ ಬರೆಯುತ್ತಾ ಬಂದವನಿಗೆ ಆ ಊರಿನ ಸರದಿ ಬರಲೇ ಇಲ್ಲವಾದ್ದರಿಂದ ಅವನು ಆ ಹೆಸರನ್ನು ಒಂದು ಸಲವೂ ಓದಿರಲಿಲ್ಲ. ತ್ರಿವಿಕ್ರಮರಾಯರ ಕೋಣೆಗೆ ಹೋಗಿ ನಿಂತ. ಕರಡಿಗೊಪ್ಪದ ಹತ್ತಿರ ಒಂದು ಮಜರೆ ಬಿಟ್ಟುಹೋಗಿದೆ, ಸಿಡುಬಿನವರಿಗೆ ಒಂದು ಕಾಗದ ಬರೆಯಬೇಕು ಎಂದ. ಬಿಟ್ಟುಹೋಗಿದೆ ಎಂದನೇ ಹೊರತು ಬಿಟ್ಟೆ ಎನ್ನಲಿಲ್ಲ. ರಾಯರು ನಶ್ಯದ ಡಬ್ಬಿ ತಟ್ಟುತ್ತಾ, “ಜಾಗ ಇರಲಿಲ್ಲ, ಬಿಟ್ಟಿದೀರಿ. ಏಳನೇ ರೂಲು. ನೀವೇ ಮಾಡಿದ್ದಲ್ಲವೇನ್ರೀ?” ಎಂದರು. ಆಮೇಲೆ ಕನಿಕರದಿಂದ, “ಆಯ್ತು, ಬರೆಯೋಣ. ಊರಿನ ಹೆಸರೇನು?” ಎಂದರು.

“ಹೇಳ್ತಾ ಇಲ್ಲ ಸಾರ್.”

“ಹೆಸರಿಲ್ಲದ ಊರಿಗೆ ಕಾಗದ ಹ್ಯಾಗೆ ಬರೆಯೋದು ಮಾರಾಯ?”

ಆ ಮಾತು ಕೇಳಿ ಮುರುಗೇಶಪ್ಪನಿಗೆ ಹಗುರವಾಯಿತು. ನಿಜವಾಗಿ ಹಗುರವಾಯಿತು. ಈಗ ತಡೆ ಇರುವುದು ಹೆಸರಿನಲ್ಲಿ, ತನ್ನಲ್ಲಿ ಅಲ್ಲ. ಬಾಗಿಲು ದಾಟುವಾಗ ಆ ಹಗುರ ಎಂಥದೆಂದು ಹೊಳೆದು ಅವನಿಗೆ ನಾಚಿಕೆಯಾಯಿತು. ಹೆಸರು ಬೇಕಾಗಿಯೇ ಇರಲಿಲ್ಲ. ಕರಡಿಗೊಪ್ಪದಿಂದ ದಕ್ಷಿಣಕ್ಕೆ ಇಷ್ಟು ಫರ್ಲಾಂಗು, ಅಲ್ಲೊಂದು ಊರಿದೆ, ನನ್ನ ಕೈತಪ್ಪಿನಿಂದ ಮುಚ್ಚಿಹೋಗಿದೆ ಎಂದು ಬರೆದರೆ ಸಾಕಿತ್ತು. ಜೀಪಿನವನಿಗೆ ದಾರಿ ಬೇಕು, ಹೆಸರಲ್ಲ. ಆದರೆ ಆ ಎರಡು ಪದ, ನನ್ನ ಕೈತಪ್ಪಿನಿಂದ, ಯಾವ ಜಾಗದಲ್ಲಿಟ್ಟರೂ ಕೂರುತ್ತಿರಲಿಲ್ಲ. ಬಲಕ್ಕೆ ಮೇಲೆ ರಾಯರು, ಬಲಕ್ಕೆ ಕೆಳಗೆ ಈಶ್ವರಪ್ಪನ ನಗೆ, ಎಡಕ್ಕೆ ತಾಲ್ಲೂಕು ಆಫೀಸುಗಳಿಗೆಲ್ಲ ಹೋಗಿ ಕೂತಿರುವ ಅವನ ನಿಯಮಗಳ ಪ್ರತಿ. ಹೆಸರು ಪತ್ತೆ ಮಾಡಿ ಬರ್ತೀನಿ ಎಂದು ಪುಟ್ಟಲಕ್ಷ್ಮಿಗೆ ಹೇಳಿ ಕಳಿಸಿದ. ಅವಳು ಕೈ ಮುಗಿದಳು. ಅದನ್ನು ನೋಡಲಾರದೆ ಅವನು ಕಿಟಕಿಯ ಕಡೆ ತಿರುಗಿದ.

ಭಾನುವಾರ ಬೆಳಿಗ್ಗೆ ಮಾವನ ಮನೆಗೆ ಹೋಗಿಬರುತ್ತೇನೆಂದು ಹೆಂಡತಿ ಬಸವರಾಜೇಶ್ವರಿಗೆ ಸುಳ್ಳು ಹೇಳಿ ಭದ್ರಾವತಿ ಬಸ್ಸು ಹತ್ತಿದ. ಮಲವಗೊಪ್ಪ ದಾಟಿದ ಮೇಲೆ ಕರಡಿಗೊಪ್ಪದ ಕೈಮರ. ಇಳಿಯುವಾಗ ಕಂಡಕ್ಟರನನ್ನು ಕೇಳಿದ, ಕರಡಿಗೊಪ್ಪದಾಚೆ ಒಂದು ಊರಿದೆಯಲ್ಲ, ಹೆಸರೇನು? ಕಂಡಕ್ಟರು ಅವನ ಮುಖ ನೋಡಿ, “ಅತ್ಲಾಗಿನೂರಾ? ಅಲ್ಲಿಗ್ಯಾಕೆ ಸಾರ್ ಈಗ?” ಎಂದು ಸೀಟಿ ಊದಿದ. ಕರಡಿಗೊಪ್ಪದ ಅಂಗಡಿಯಲ್ಲಿ ಕೇಳಿದರೆ ಅಂಗಡಿಯವನೂ ಅತ್ಲಾಗಿನೂರು ಎಂದ. ದಾರಿ ತೋರಿಸಲು ಕೈಯನ್ನೂ ಎತ್ತಲಿಲ್ಲ, ಗಲ್ಲದಿಂದ ತೋರಿಸಿದ. ಹೊಲಗಳ ನಡುವಿನ ಗಾಡಿ ಜಾಡಿನಲ್ಲಿ ಅವನು ನಡೆದ. ಮಾರ್ಚಿ ತಿಂಗಳ ಬಿಸಿಲು. ದೂರದಲ್ಲಿ ಭದ್ರಾವತಿಯ ಚಿಮಣಿಗಳ ಹೊಗೆ ನೆಟ್ಟಗೆ ಮೇಲೆದ್ದು ಅಲ್ಲೇ ನಿಂತಿತ್ತು. ನಡೆಯುತ್ತಾ ಅವನಿಗೆ ತಾನು ಟ್ರೇಸಿಂಗ್ ಬಟ್ಟೆಯ ಮೇಲೆ ನಡೆಯುತ್ತಿದ್ದೇನೆ, ಕರಡಿಗೊಪ್ಪದ ಕಡೆಯ ಅಕ್ಷರದ ಕೆಳಗೆ ಇಳಿಯುತ್ತಿದ್ದೇನೆ ಅನ್ನಿಸಿತು. ಹಕ್ಕಿಯ ಸದ್ದೂ ಇರಲಿಲ್ಲ. ಒಂದು ದಿಣ್ಣೆ ಇಳಿದಮೇಲೆ ಊರು ಇದ್ದಕ್ಕಿದ್ದ ಹಾಗೆ ಅವನ ಸುತ್ತ ಇತ್ತು.

ಹನ್ನೊಂದು ಮನೆ. ಎಣಿಸಿದ. ಎಲ್ಲ ಬಾಗಿಲಿಗೂ ಬೇವಿನ ಸೊಪ್ಪು. ಒಗ್ಗರಣೆಯ ವಾಸನೆ ಇಲ್ಲ, ಅಮ್ಮ ಇರುವಾಗ ಒಗ್ಗರಣೆ ಹಾಕುವುದಿಲ್ಲ ಎಂದು ಅವನ ತಾಯಿ ಹೇಳುತ್ತಿದ್ದದ್ದು ನೆನಪಾಯಿತು. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ನಿಂತಿದ್ದರು. ಎಲ್ಲರೂ ಬಾಗಿಲ ಬಲಕ್ಕೆ. ಮೊದಲ ಜಾಗ, ಎಲ್ಲರೂ ಮೊದಲ ಜಾಗದಲ್ಲಿ, ಯಾರಿಗೂ ಯಾರೂ ಅಡ್ಡವಿಲ್ಲದೆ. ಅವನ ನೋಟುಬುಕ್ಕು ಓದಿಕೊಂಡು ನಿಂತ ಹಾಗೆ. ಬಾಗಿಲ ಎಡಕ್ಕೆ ಒನಕೆಯೋ ಒರಳೋ ಏನೋ ಇರುತ್ತದೆ, ಅದಕ್ಕೇ ಬಲಕ್ಕೆ ನಿಲ್ಲುತ್ತಾರೆ, ಅಷ್ಟೇ ಮಾರಾಯ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಗ ಎಲ್ಲೋ ಹಿತ್ತಲಿನಿಂದ ಚಪ್ಪಾಳೆ ಕೇಳಿಸಿತು. ನಾಲ್ಕು ಸಲ, ನಿಧಾನವಾಗಿ. ಒಂದು ಬಾಗಿಲಿನಿಂದ ಹೆಣ್ಣುಮಗಳೊಬ್ಬಳು ಆ ಕಡೆ ನಡೆದಳು. ಮತ್ತೆ ಇನ್ನೊಂದು ಕಡೆ ಐದು ಚಪ್ಪಾಳೆ. ಒಬ್ಬ ಗಂಡಸು ಅತ್ತ ಹೋದ. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಒಬ್ಬೊಬ್ಬರಿಗೆ ಇಷ್ಟಿಷ್ಟು ಚಪ್ಪಾಳೆ.

ಕಟ್ಟೆಯ ಮೇಲಿದ್ದ ಮುದುಕ, ಊರಿನ ಹಿರಿಯನೇ ಇರಬೇಕು, ಇವನನ್ನು ಕೂರು ಎಂದು ಸನ್ನೆ ಮಾಡಿದ. ಮುರುಗೇಶಪ್ಪ ಕೂರದೆ, ಸರಕಾರದ ದನಿಯಲ್ಲಿ, “ನಾನು ನಕ್ಷೆ ಆಫೀಸಿಂದ ಬಂದಿದೀನಿ. ನನ್ನ ಹೆಸರು...” ಎಂದು ಶುರುಮಾಡಿದ.

“ಬ್ಯಾಡ ಸ್ವಾಮಿ!” ಮುದುಕ ಅಂಗೈ ಎತ್ತಿದ. ಬಾಗಿಲುಗಳಲ್ಲಿದ್ದವರೆಲ್ಲ ಒಟ್ಟಿಗೆ ಒಳಗೆ ಸರಿದರು. “ಇಲ್ಲಿ ಹೇಳ್ಬ್ಯಾಡಿ. ನಿಮಗೂ ಮನೆ ಮಕ್ಕಳು ಇರ್ತಾರೆ. ಎಷ್ಟು ಮಕ್ಕಳು?”

ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಮಗಳ ಹೆಸರು ನಾಲಗೆಯ ತುದಿಗೆ ಬಂದಿತ್ತು. ಒಂದು ಬೆರಳು ತೋರಿಸಿದ.

“ಊರಿನ ಹೆಸರೊಂದು ಹೇಳಿ ಯಜಮಾನ್ರೇ. ಹೆಸರಿದ್ರೆ ದೇವಿ ಹಾಕೋರನ್ನ ಕಳಿಸ್ತಾರೆ.”

“ಹೆಸರು ಹೇಳಿದ್ರೆ ಅಮ್ಮ ಹೋಗಲ್ಲ. ಹೇಳದಿದ್ರೆ ಅವರು ಬರಲ್ಲ.” ಮುದುಕ ನಕ್ಕ ಹಾಗೆ ಕಂಡಿತು. “ಯಾರೋ ಪುಣ್ಯಾತ್ಮರು ಮೊದ್ಲೇ ಬರೆದು ಇಟ್ಟಿದ್ರೆ ನಾವು ಹೇಳೋ ಕೆಲಸಾನೇ ಇರ್ತಿರ್ಲಿಲ್ಲ. ಯಾಕೋ ಬರೀಲಿಲ್ಲ.”

ಅದನ್ನು ಅವನು ಚುಚ್ಚಲು ಹೇಳಿದನೋ, ಸುಮ್ಮನೆ ಹೇಳಿದನೋ. ಪುಟ್ಟಲಕ್ಷ್ಮಿ ಅಷ್ಟು ದೂರದ ತನ್ನ ಬಾಗಿಲಲ್ಲಿ ನಿಂತಿದ್ದಳು. ಅವಳು ಎರಡು ಸಲ ಚಪ್ಪಾಳೆ ತಟ್ಟಿದಳು, ಒಂದು ಮಗು ಬಂತು. ಮೂರು ಸಲ ತಟ್ಟಿದಳು, ಇನ್ನೂ ಸಣ್ಣದೊಂದು ತೆವಳುತ್ತಾ ಬಂತು. ಎರಡನ್ನೂ ತನ್ನ ಕಾಲ ಬಳಿ ನಿಲ್ಲಿಸಿ ಇವನಿಗೆ ತೋರಿಸಿದಳು. ನೋಡಿ, ಇವೇ, ಎನ್ನುವ ಹಾಗೆ. ಸಣ್ಣದರ ವಯಸ್ಸು ಒಂದು ವರ್ಷವಿರಬಹುದು. ತಪ್ಪು ನನ್ನದು, ನಾಳೆಯೇ ಬರೆದುಕೊಡುತ್ತೇನೆ, ಎಂದು ಕೂಗಿ ಹೇಳಲು ಅವನು ಉಸಿರು ತೆಗೆದುಕೊಂಡ. ಆ ನಿಶ್ಶಬ್ದದಲ್ಲಿ ತನ್ನ ದನಿಯ ಬಗ್ಗೆಯೇ ಅವನಿಗೆ ಭಯವಾಯಿತು. ತಲೆಯಾಡಿಸಿ, ಬಂದ ದಾರಿ ಹಿಡಿದ. ದಿಣ್ಣೆ ದಾಟಿ ತಿರುಗಿ ನೋಡಿದರೆ ಊರು ಇರಲಿಲ್ಲ. ದಿಣ್ಣೆ ಅಡ್ಡವಾಗಿತ್ತು ಅಷ್ಟೇ, ಅದು ಅವನಿಗೂ ಗೊತ್ತು. ಆದರೂ ಕರಡಿಗೊಪ್ಪದವರೆಗೆ ಓಡುನಡಿಗೆಯಲ್ಲೇ ಬಂದ.

ಸೋಮವಾರ ಕಾಗದ ಬರೆದ. ಹರಿದ. ಮಂಗಳವಾರ ಬರೆದು ಮೇಜಿನ ಖಾನೆಯಲ್ಲಿಟ್ಟ. ನಕ್ಷೆ ಮೇಲಿನ ತಪ್ಪು ಹೊರಬಂದರೆ ಬಡ್ತಿ ಹೋದೀತು ಎಂಬ ಹೆದರಿಕೆಯೂ ಅಲ್ಲ ಅದು. ಬಡ್ತಿ ಗಿಡ್ತಿ ಅವನ ತಲೆಯಲ್ಲಿ ಅಷ್ಟಾಗಿ ಇರಲಿಲ್ಲ. ಬೆನ್ನು ತಟ್ಟಿದ ಆ ಕೈ ಹಿಂದಕ್ಕೆ ಹೋಗುವುದನ್ನು ನೋಡಲಾರೆ ಎನ್ನುವ, ಮಕ್ಕಳಂಥ ಒಂದು ಹಟ. ಬೆಂಗಳೂರಿಗೆ ಬರೆದು ಮೂಲ ನಕ್ಷೆಯಿಂದ ಹೆಸರು ತರಿಸಿಕೊಳ್ಳೋಣ, ಆಮೇಲೆ ಯಾರಿಗೂ ತಿಳಿಯದ ಹಾಗೆ ತಿದ್ದಿದರಾಯಿತು ಎಂದುಕೊಂಡು ಆ ಕಾಗದವನ್ನು ಮಾತ್ರ ಅದೇ ದಿನ ಟಪಾಲಿಗೆ ಹಾಕಿದ. ಬೆಂಗಳೂರಿನಿಂದ ಉತ್ತರ ಬರಲಿಲ್ಲ. ದಿನಗಳು ಹೋದವು. ಒಂದು ವಾರ, ಹತ್ತು ದಿನ. ಖಾನೆ ಎಳೆದಾಗಲೆಲ್ಲ ಸಿಡುಬಿನವರಿಗೆ ಬರೆದ ಕಾಗದ ಮೇಲೆ ಬರುತ್ತಿತ್ತು, ಅವನು ಅದರ ಮೇಲೆ ಅಳತೆಪಟ್ಟಿ ಇಟ್ಟು ಮುಚ್ಚುತ್ತಿದ್ದ.

ಮನೆಯಲ್ಲಿ ಏನೋ ಕೆಟ್ಟಿತ್ತು. ರವೀಂದ್ರನಗರದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಮಗು ಆಡುತ್ತಿರುತ್ತದೆ, ಅವನು ಅದನ್ನು ಕರೆಯಲು ಬಾಯಿ ತೆಗೆಯುತ್ತಾನೆ, ಹೆಸರು ಹೊರಡುವುದಿಲ್ಲ. ಏ ಎನ್ನುತ್ತಾನೆ, ಪುಟ್ಟಾ ಎನ್ನುತ್ತಾನೆ. ಒಂದು ಸಂಜೆ ಮಗು ಹೊಸಿಲು ದಾಟಿ ಮೆಟ್ಟಿಲ ಅಂಚಿಗೆ ಹೋಗಿಬಿಟ್ಟಿತ್ತು. ಅವನು ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದ. ಒಂದೇ ಸಲ. ಮಗು ನಿಂತಿತು, ತಿರುಗಿತು, ಅವನ ಕಡೆ ನಗುತ್ತಾ ಬಂತು. ಬಸವರಾಜೇಶ್ವರಿ ಅಡುಗೆಮನೆ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು.

“ಏನ್ರೀ ಇದು, ನಾಯಿಮರಿ ಕರೆದ ಹಾಗೆ? ಅದಕ್ಕೆ ಹೆಸರಿಲ್ವಾ?”

“ಇದೆ.”

“ಮತ್ತೆ ಕರೀರಿ ನೋಡೋಣ. ನನ್ನೆದುರಿಗೆ ಒಂದ್ಸಲ ಕರೀರಿ. ಹತ್ತು ದಿನದಿಂದ ನೋಡ್ತಾ ಇದೀನಿ. ನಾನು ಹೆಸರು ಹಿಡಿದು ಕೂಗಿದ್ರೆ ಇದು ತಿರುಗಿಯೂ ನೋಡಲ್ಲ, ಚಪ್ಪಾಳೆ ತಟ್ಟಿದ್ರೆ ಓಡಿ ಬರುತ್ತೆ. ಏನು ಕಲಿಸಿದೀರಿ ಮಗೀಗೆ?” ಅವಳು ಮಗುವನ್ನು ಎತ್ತಿಕೊಂಡು ಅದರ ಕಿವಿಯ ಹತ್ತಿರ ಹೆಸರು ಹೇಳತೊಡಗಿದಳು. ಒಂದು ಸಲ, ಎರಡು ಸಲ. “ಸುಮ್ನಿರೇ!” ಎಂದು ಅವನು ಎಷ್ಟು ಜೋರಾಗಿ ಕಿರುಚಿದನೆಂದರೆ ಪಕ್ಕದ ಮನೆಯ ಮಹಾಂತಮ್ಮ ಗೋಡೆಯಾಚೆಯಿಂದ ಏನಾಯ್ತು ಎಂದು ಕೇಳಿದಳು. ಮಗು ಅಳಲಿಲ್ಲ. ತಾಯಿಯ ಹೆಗಲ ಮೇಲಿಂದ ಅವನ ಕೈಗಳನ್ನೇ ನೋಡುತ್ತಿತ್ತು, ಇನ್ನೇನು ತಟ್ಟುತ್ತಾನೆ ಎಂದು ಕಾಯುವ ಹಾಗೆ.

ಮಾರನೆಯ ಬೆಳಿಗ್ಗೆ ಅವನು ಖಾನೆಯಿಂದ ಕಾಗದ ತೆಗೆದು ನೆಟ್ಟಗೆ ರಾಯರ ಮೇಜಿನ ಮೇಲಿಟ್ಟ. ನನ್ನ ಕೈತಪ್ಪಿನಿಂದ ಎಂಬ ಸಾಲಿನ ಕೆಳಗೆ ಗೆರೆಯನ್ನೂ ಎಳೆದಿದ್ದ. ರಾಯರು ಎರಡು ಸಲ ಓದಿದರು. ಬೈಯಲಿಲ್ಲ. ನಶ್ಯದ ಡಬ್ಬಿಯನ್ನು ಮುಟ್ಟಲೂ ಇಲ್ಲ. “ಇದನ್ನ ಹದಿನೈದು ದಿನದ ಹಿಂದೆ ಕೊಡಬಾರದಿತ್ತೇನ್ರೀ,” ಎಂದರು. ಸಹಿ ಹಾಕಿ ಈಶ್ವರಪ್ಪನ ಕೈಗೆ ಕೊಟ್ಟು ಈಗಲೇ ಓಡು ಎಂದರು. ಮಧ್ಯಾಹ್ನಕ್ಕೆ ಸುದ್ದಿ ಬಂತು, ನಾಳೆ ಜೀಪು ಹೋಗುತ್ತದೆ. ಇಷ್ಟೇ ಇತ್ತು. ಒಂದು ಕಾಗದ, ಒಂದು ಸಹಿ, ಅರ್ಧ ದಿನ. ಮುರುಗೇಶಪ್ಪ ಹಲಗೆಗೆ ಹಣೆ ಕೊಟ್ಟು ಸ್ವಲ್ಪ ಹೊತ್ತು ಕೂತ.

ಜೀಪು ಹೋಗಿ ಬಂದು ನಾಲ್ಕು ದಿನದ ಮೇಲೆ, ನಡು ಮಧ್ಯಾಹ್ನ, ಜಗಲಿಯಿಂದ ಚಪ್ಪಾಳೆ ಕೇಳಿಸಿತು. ಎರಡು. ಸ್ವಲ್ಪ ತಡೆದು ಮೂರು. ತಟ್ಟಿದವರು ಉತ್ತರಕ್ಕೆ ಕಾಯುತ್ತಿರುವ ಹಾಗೆ ಮತ್ತೆ ನಿಶ್ಶಬ್ದ. ಅವನು ಎದ್ದು ಹೋಗಿ ನೋಡಿದ. ಪುಟ್ಟಲಕ್ಷ್ಮಿ ಕಂಬದ ಬಲಕ್ಕೆ ಅದೇ ಜಾಗದಲ್ಲಿ ಕೂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದಳು. ಕೈಯಲ್ಲಿ ಬೇವಿನ ಕಡ್ಡಿ ಇರಲಿಲ್ಲ. ಈಶ್ವರಪ್ಪ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ, ತಮಾಷೆ ಮಾಡಲಿಲ್ಲ.

“ಒಳಗೆ ಬನ್ನಿ,” ಎಂದ.

ಅವಳು ಬಂದು ಹಲಗೆಯ ಮುಂದೆ ನಿಂತಳು. “ಅಮ್ಮ ಹೋದ್ಲು ಸ್ವಾಮಿ. ನಿನ್ನೆ ಊರೆಲ್ಲ ಸಾರಿಸಿ, ತಣ್ಣಗೆ ಮೊಸರನ್ನ ಎಡೆ ಇಟ್ಟು ಕಳಿಸಿದ್ವಿ. ಉಳಿದವರಿಗೆ ದೇವಿ ಹಾಕಿದಾರೆ. ಜೀಪಿನೋರು ಒಳ್ಳೆಯೋರು.” ತಡೆದಳು. “ನಮ್ಮನೇಲಿ ಹಾಕೋಕೆ ಮಕ್ಕಳು ಉಳಿದಿರ್ಲಿಲ್ಲ. ಈಗ ಊರಿನ ಹೆಸರು ಹೇಳ್ಬೌದು. ಅದ್ಕೇ ಬಂದೆ.”

ಅವಳು ಹೇಳಿದಳು.

“ಸಾಗಡೆ.”

ಸಾಗಡೆ. ಮೂರೇ ಅಕ್ಷರ. ಒಂದಕ್ಕಾದರೂ ಒತ್ತಿಲ್ಲ. ಅವನು ಬ್ಲೇಡು ತೆಗೆದುಕೊಂಡು ಕರಡಿಗೊಪ್ಪದ ಪಾವತ್ತನ್ನು ಕೆರೆಯತೊಡಗಿದ. ಅವಳು ನಿಂತೇ ಇದ್ದಳು. ಕಪ್ಪು ಪುಡಿಪುಡಿಯಾಗಿ ಎದ್ದು ಬಂತು, ಅವನು ಊದಿ ಊದಿ ಕೆರೆದ, ಒಂದು ವರ್ಷದ ಹಿಂದೆ ಇಟ್ಟ ಚುಕ್ಕೆ ಅಡಿಯಿಂದ ಮೆಲ್ಲಗೆ ಬಿಡಿಸಿಕೊಂಡು ಹೊರಬಂತು. ಕರಡಿಗೊಪ್ಪವನ್ನು ಎಡಕ್ಕೆ ಸರಿಸಿ ಬರೆದರಾಯಿತು, ಅಲ್ಲಿ ಬೇಕಾದಷ್ಟು ಜಾಗ. ಆಮೇಲೆ ನಿಬ್ಬನ್ನು ಶಾಯಿಯಲ್ಲದ್ದಿ, ಚುಕ್ಕೆಯ ಬಲಕ್ಕೆ, ತುಸು ಮೇಲೆ, ಮೊದಲನೆಯ ಜಾಗದಲ್ಲಿ ಸಾಗಡೆ ಎಂದು ಬರೆದ. ಯಾವುದಕ್ಕೂ ತಾಗಲಿಲ್ಲ. ಇನ್ನೂ ಜಾಗ ಉಳಿಯಿತು.

“ಇದು ಚುಕ್ಕೆ,” ಎಂದಳು ಪುಟ್ಟಲಕ್ಷ್ಮಿ.

“ಹೌದಮ್ಮ. ಮುಟ್ಟಬೇಡಿ, ಇನ್ನೂ ಹಸಿ ಇದೆ.” ಅವಳ ಬೆರಳು ಅಕ್ಷರಗಳ ಮೇಲೆ ಗಾಳಿಯಲ್ಲೇ ನಿಂತಿತು. ಅವನಿಗೆ ಇನ್ನು ತಡೆಯಲಾಗಲಿಲ್ಲ. “ಇದನ್ನ ಮುಚ್ಚಿದ್ದು ನಾನೇ. ಗೊತ್ತಿದ್ದೂ ಮುಚ್ಚಿದೆ. ತಿದ್ದೋಕೆ ಎರಡು ಗಂಟೆ ಬೇಕಾಗಿತ್ತು. ಆವತ್ತು ಭದ್ರಾವತೀಲಿ ನನ್ನ ಮಗಳಿಗೆ ಹೆಸರಿಡೋದಿತ್ತು. ಬಸ್ಸಿಗೆ ಹೊತ್ತಾಗಿತ್ತು. ಅದಕ್ಕೆ...”

ಅವಳು ಅವನನ್ನು ನೋಡಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ, ಹೊಡೆಯಲಿ, ಎಂದು ಅವನು ತಲೆ ತಗ್ಗಿಸಿದ. ಅವಳ ದನಿ, ನೆಂಟರ ಮನೆಗೆ ಬಂದ ಹೆಂಗಸಿನ ದನಿಯ ಹಾಗೆ, ಮೆತ್ತಗಿತ್ತು.

“ಏನಂತ ಇಟ್ರಿ ಸ್ವಾಮಿ ಹೆಸರು?”

ಮುರುಗೇಶಪ್ಪ ಬಾಯಿ ತೆರೆದ. ಹಾಗೇ ನಿಂತ. ಗೋಡೆ ಗಡಿಯಾರ ಆಡುತ್ತಿತ್ತು. ಪುಟ್ಟಲಕ್ಷ್ಮಿ ಅವನ ಮುಖವನ್ನು ನೋಡಿ, ಅರ್ಥವಾದವಳ ಹಾಗೆ ಕೈಯಾಡಿಸಿದಳು.

“ಬ್ಯಾಡ ಬಿಡಿ,” ಎಂದಳು. “ನನ್ನೆದುರಿಗೆ ಹೇಳ್ಬ್ಯಾಡಿ.”